ಚಿತ್ರದಕ್ಕನ ಹಳೆಯ ಕಂಪ್ಯೂಟರು, ಹೊಸ ಟ್ಯಾಬ್ಲೆಟ್ಟು

ನಮ್ಮ ವೈದ್ಯಕೀಯ ಕಾಲೇಜಿನಲ್ಲಿ ಓದಿ ಹೊರಬಿದ್ದ ಯಾವ ವೈದ್ಯರನ್ನು ಕೇಳಿದರೂ, ಶರೀರರಚನೆಯ ಪಾಠವೆಂದೊಡನೆ ಅವರ ಕಣ್ಣ ಮುಂದೆ ಮೊದಲು ಬರುವುದು ಅಧ್ಯಾಪಕರಲ್ಲ, ಗೋಡೆಯ ಮೇಲಿನ ಚಿತ್ರಗಳು. ಅವನ್ನು ಬರೆದವರು ಕಚೇರಿಯ ಕಡತಗಳಲ್ಲಿ ಹಿರಿಯ ಚಿತ್ರಕಾರರು. ವಿದ್ಯಾರ್ಥಿಗಳಿಗೂ ಪ್ರಾಂಶುಪಾಲರಿಗೂ ಒಂದೇ ಸಮನಾಗಿ ಚಿತ್ರದಕ್ಕ. ಕೊಬ್ಬು, ನೆರಳು, ರಕ್ತವೆಲ್ಲ ಒಂದರೊಳಗೊಂದು ಕಲಸಿಹೋಗುವ ಛಾಯಾಚಿತ್ರದಲ್ಲಿ ಕಾಣದ ತೆಳು ನರವೊಂದನ್ನು ಒಂದೇ ಗೆರೆಯಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸಬಲ್ಲವರು ಈ ಕ್ಷೇತ್ರದಲ್ಲಿ ತೀರ ವಿರಳ. ಅವರ ನಿವೃತ್ತಿಯ ಈ ಸಂಪುಟಕ್ಕೆ ಸಂತೋಷದ ಬರಹವೊಂದು ಬೇಕೆಂದು ಸಂಪಾದಕರು ಕೇಳಿದ್ದಾರೆ. ಪ್ರಯತ್ನಪಟ್ಟೆ. ಆಗಲಿಲ್ಲ; ಅವರು ಕ್ಷಮಿಸಬೇಕು.

ಮೊದಲ ವರ್ಷದಲ್ಲಿ ಶವಚ್ಛೇದನದ ಕೊಠಡಿಗೆ ಕಾಲಿಟ್ಟ ದಿನವೇ ನಾನು ಕಣ್ಣು ಕತ್ತಲೆ ಬಂದು ಬಾಗಿಲ ಬಳಿ ಕುಸಿದುಬಿದ್ದೆ. ಜೊತೆಯವರು ಮುಸಿಮುಸಿ ನಗುತ್ತಿದ್ದಾಗ ತೋಳು ಹಿಡಿದು ಎಬ್ಬಿಸಿ, ತಮ್ಮ ಕೋಣೆಗೆ ಕರೆದೊಯ್ದು ನೀರು ಕೊಟ್ಟವರು ಚಿತ್ರದಕ್ಕ. ಮೇಜಿನ ಮೇಲೆ ನನ್ನ ಎಡಗೈಯನ್ನು ಚಾಚಿಸಿ, ಅದನ್ನೇ ನೋಡುತ್ತ ಮೊದಲು ಚರ್ಮ, ಆಮೇಲೆ ಅದರಡಿಯ ಸ್ನಾಯು, ಅದಕ್ಕೂ ಕೆಳಗಿನ ನರಗಳನ್ನು ಬೇರೆಬೇರೆ ಹಾಳೆಗಳಲ್ಲಿ ಬರೆದರು. "ಇದು ನಿಂದೇ ಕೈ. ಇದಕ್ಕೂ ಹೆದರ್ತೀಯಾ?" ಎಂದರು. ಹಲವು ವಾರಗಳ ಕಾಲ ಹೀಗೆ ಪದರ ಪದರವಾಗಿ ನನ್ನ ಭಯ ಬಿಡಿಸಿದರು. ಇಂದು ಅದೇ ಕೊಠಡಿಯಲ್ಲಿ ನಿಂತು ಪಾಠ ಹೇಳುತ್ತಿದ್ದೇನೆ.

ಶಸ್ತ್ರಚಿಕಿತ್ಸೆಯ ವಿಭಾಗದ ಮುಂದೆ ದಿಕ್ಕು ತೋಚದೆ ಕೂತಿದ್ದ ತಾಯಿಯೊಬ್ಬರಿಗೆ, ಮಗುವಿನ ಹೃದಯದ ತೂತು ಎಲ್ಲಿದೆ, ಅದನ್ನು ಹೇಗೆ ಮುಚ್ಚುತ್ತಾರೆ ಎಂಬುದನ್ನು ಅವರು ಔಷಧಿಯ ಡಬ್ಬಿಯ ರಟ್ಟಿನ ಮೇಲೆ ಬರೆದು ತೋರಿಸಿದ್ದನ್ನೂ ನಾನು ಕಂಡಿದ್ದೇನೆ. ಆ ತಾಯಿ ರಟ್ಟನ್ನು ಎದೆಗವಚಿಕೊಂಡು ಕೂತರು.

ಸೇವೆಯ ಕೊನೆಯ ವರ್ಷಗಳನ್ನು ಚಿತ್ರದಕ್ಕ ಒಂದೇ ಕೆಲಸಕ್ಕೆ ಮುಡಿಪಿಟ್ಟರು: ಮನುಷ್ಯನ ಕೈಯ ಸಮಗ್ರ ಚಿತ್ರಸಂಪುಟ. ವಿದ್ಯಾರ್ಥಿಯು ಪರದೆಯ ಮೇಲೆ ಒಂದೊಂದೇ ಪದರವನ್ನು ಸರಿಸಿ ಒಳಗಿಳಿಯುವಂತೆ ಅದನ್ನು ಅವರು ತಮ್ಮ ಹಳೆಯ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದರು. ಆ ಪದರಗಳನ್ನು ತೆರೆಯುವ ತಂತ್ರಾಂಶ ಹೊಸ ಯಂತ್ರಗಳಲ್ಲಿ ನಡೆಯದು. ಅದನ್ನು ತಯಾರಿಸಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಂಗೈಯ ಒಳಪದರವೊಂದು ಮಾತ್ರ ಬಾಕಿ ಉಳಿದಿತ್ತು.

ಆಗೊಂದು ದಿನ, ಅವರು ಕೆಳಗಿಡುತ್ತಿದ್ದ ಚಹಾದ ಲೋಟ ತಟ್ಟೆಗೆ ತಾಗಿ ಟಕಟಕನೆ ಸದ್ದು ಮಾಡಿತು. ನಾನು ಅವರ ಬಲಗೈಯತ್ತ ನೋಡಿದೆ.

"ಯಾವಾಗಿಂದ ಅಕ್ಕಾ?"

"ಡಾಕ್ಟ್ರು ನೀನು. ನೀನೇ ಹೇಳು."

ನರರೋಗ ತಜ್ಞರ ಬಳಿ ಜೊತೆಗೆ ಹೋದೆ. ನಡುಕ ಹೆಚ್ಚುತ್ತಲೇ ಹೋಗುವ ಕಾಯಿಲೆ, ಮಾತ್ರೆಗಳು ಕೆಲವು ತಿಂಗಳು ಹಿಡಿದಿಡಬಹುದು ಎಂದರು ಅವರು. "ಅಷ್ಟು ಸಾಕು, ಒಂದು ಅಂಗೈ ತಾನೇ," ಎಂದು ಚಿತ್ರದಕ್ಕ ಎದ್ದರು.

ಆದರೆ ಅದೇ ವಾರ, ಬಹುಕಾಲದಿಂದ ಅವರು ಬರೆಯುತ್ತಿದ್ದ, ಪೆನ್ನಿನ ಗೆರೆಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಹಳೆಯ ಚಿತ್ರಫಲಕ ಸತ್ತುಹೋಯಿತು. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಬೀಳ್ಕೊಡುಗೆಯ ಕಾಣಿಕೆಯನ್ನು ಮುಂಚಿತವಾಗಿಯೇ ಕೊಟ್ಟಂತಾಗಲಿ ಎಂದು ನಾವು ವಿಭಾಗದವರೆಲ್ಲ ಸೇರಿ, ಪರದೆಯ ಮೇಲೆಯೇ ಪೆನ್ನಿನಿಂದ ಬರೆಯಬಹುದಾದ ಹೊಸ ಟ್ಯಾಬ್ಲೆಟ್ ತಂದೆವು. ಅದರ ಕೇಬಲ್ಲಿನ ತುದಿ ಬೆರಳುಗುರಿನಷ್ಟು ಸಣ್ಣದು. ಕಂಪ್ಯೂಟರಿನ ಬೆನ್ನಿನಲ್ಲಿದ್ದದ್ದು ಸಾಲುಸಾಲು ತೂತುಗಳ ಅಗಲವಾದ ನೀಲಿ ಕಿಂಡಿ. ಕಂಪ್ಯೂಟರ್ ಅಂಗಡಿಯವರು "ಒಂದು ಚಿಕ್ಕ ಪಿನ್ ಹಾಕಿದ್ರೆ ಆಯ್ತು ಸಾರ್," ಎಂದು ಕೊಟ್ಟ ಪಿನ್ನು ಎರಡೂ ಕಡೆ ಸರಿಯಾಗಿಯೇ ಕೂತಿತು. ಪರದೆ ಮಾತ್ರ ಕಪ್ಪಗೇ ಇತ್ತು.

ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವವರನ್ನು ಕರೆತಂದೆ. ಅವರು ತಲೆ ಕೆರೆದುಕೊಂಡರು. "ಕಿಂಡಿ ಕೂಡಿದ್ರೆ ಸಾಲ್ದು ಸಾರ್. ಹಳೇದು ಚಿತ್ರ ಕಳಿಸೋ ರೀತಿ ಬೇರೆ, ಹೊಸದು ಕೇಳೋ ರೀತಿ ಬೇರೆ. ನಡುವೆ ಪರಿವರ್ತಕ ಬೇಕು."

ತರಿಸಿದ ಪರಿವರ್ತಕ ಹೊಸದರಿಂದ ಹಳೆಯದಕ್ಕೆ ಚಿತ್ರ ಒಯ್ಯುವಂಥದ್ದು. ನಮಗೆ ಬೇಕಾದದ್ದು ಅದರ ಉಲ್ಟಾ. ವಾಪಸು ಕಳಿಸಿ, ಇನ್ನೊಂದಕ್ಕೆ ಕಾದೆವು. ಅದು ಬಂದಾಗ ಚಿತ್ರ ಮೂಡಿತು, ಆದರೆ ಪೆನ್ನು ಮುಟ್ಟಿದರೆ ಕಂಪ್ಯೂಟರು ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಿತ್ತು. ಪೆನ್ನಿನ ತಂತ್ರಾಂಶಕ್ಕೆ ಕಂಪ್ಯೂಟರನ್ನು ನವೀಕರಿಸಬೇಕು. ನವೀಕರಿಸಿದರೆ ಚಿತ್ರಗಳ ಪದರಗಳೇ ತೆರೆಯವು. ನಾವು ಮುಖ ಸಪ್ಪಗೆ ಮಾಡಿಕೊಂಡು ನಿಂತಾಗೆಲ್ಲ ಚಿತ್ರದಕ್ಕನೇ ಸಮಾಧಾನ ಹೇಳುತ್ತಿದ್ದರು. "ಅತ್ತೆ ಸೊಸೆ ಇದ್ದ ಹಾಗೆ ಕಣ್ರೋ. ಹೊಂದ್ಕೊಳ್ಳೋಕೆ ಸ್ವಲ್ಪ ಟೈಮ್ ಕೊಡಿ." ಹೀಗೆನ್ನುವಾಗ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದಿರುತ್ತಿದ್ದರು. ಟೈಮೇ ಇಲ್ಲದವರು ಅವರೊಬ್ಬರೇ ಎಂಬುದು ನಮಗೆಲ್ಲ ಗೊತ್ತಿತ್ತು.

ಕೊನೆಗೂ ರಿಪೇರಿಯವರು ಎಲ್ಲಿಂದಲೋ ಪೆನ್ನಿನ ತಂತ್ರಾಂಶದ ಹಳೆಯ ಆವೃತ್ತಿಯೊಂದನ್ನು ಹುಡುಕಿ ತಂದರು. ಒಂದು ಮಧ್ಯಾಹ್ನ ಟ್ಯಾಬ್ಲೆಟ್ಟಿನ ಮೇಲೆ ಅಂಗೈ ಬೆಳಗಿತು, ಪೆನ್ನು ಮುಟ್ಟಿದಲ್ಲಿ ಗೆರೆ ಮೂಡಿತು. ನಾವು ಮಕ್ಕಳಂತೆ ಚಪ್ಪಾಳೆ ತಟ್ಟಿದೆವು. ಚಿತ್ರದಕ್ಕ ಕನ್ನಡಕ ಸರಿಮಾಡಿಕೊಂಡು, ಮೊಣಕೈಯನ್ನು ಮೇಜಿಗೆ ಬಿಗಿಯಾಗಿ ಊರಿ, ಹೆಬ್ಬೆರಳಿನ ಬುಡಕ್ಕೆ ಹೋಗುವ ನರವನ್ನು ಎಳೆಯತೊಡಗಿದರು. ಗೆರೆ ಗರಗಸದ ಹಲ್ಲಿನ ಹಾಗೆ ಬಂತು. ಅಳಿಸಿದರು. ಮತ್ತೆ ಎಳೆದರು. ಮತ್ತೆ ಅಳಿಸಿದರು.

"ಸೆಟ್ಟಿಂಗ್ ಸರಿ ಇಲ್ಲ ಅನ್ಸುತ್ತೆ ಮೇಡಂ, ನೋಡ್ತೀನಿ ತಾಳಿ," ಎಂದರು ರಿಪೇರಿಯವರು, ನೆಲ ನೋಡುತ್ತ.

"ಸೆಟ್ಟಿಂಗ್ ಸರಿಯಾಗೇ ಇದೆ ಕಣಪ್ಪ. ನನ್ನ ಕೈ ಹೇಗಿದೆಯೋ ಹಾಗೇ ಬರೀತಿದೆ."

ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಬೇರೆ ಚಿತ್ರಕಾರರಿಂದ ಆ ಪದರ ಬರೆಸೋಣವೆಂದು ವಿಭಾಗ ಯೋಚಿಸಿತು. ಚಿತ್ರದಕ್ಕ ಒಪ್ಪಿದರು, ಬರಬಹುದಾದವರ ಹೆಸರುಗಳನ್ನೂ ತಾವೇ ಹೇಳಿದರು. ಇಬ್ಬರು ಬಂದು ನೋಡಿ, ಈ ಗೆರೆಗಳ ಪಕ್ಕ ನಮ್ಮ ಗೆರೆ ನಿಲ್ಲದು ಎಂದು ಕೈಮುಗಿದು ಹೋದರು. ಕೈಯ ಚಿತ್ರಸಂಪುಟ ಅಪೂರ್ಣವಾಗಿಯೇ ಇದೆ. ಚಿತ್ರದಕ್ಕ ಈಗಲೂ ಬೆಳಿಗ್ಗೆ ಮಾತ್ರೆ ನುಂಗಿ, ಅದು ಕೆಲಸಮಾಡುವ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತಾರೆ. ಪಾಠಕ್ಕೆ ಹೋಗುವಾಗ ಬಾಗಿಲ ಸಂದಿಯಿಂದ ಕಾಣುತ್ತದೆ: ಎಳೆಯುತ್ತಾರೆ, ಅಳಿಸುತ್ತಾರೆ.

ಇಂಥ ಲೇಖನದ ಕೊನೆಯಲ್ಲಿ ನೂರು ವರ್ಷದ ಆಯಸ್ಸನ್ನು ಕೋರುವುದು ರೂಢಿ. ಹಾಗೆಯೇ ಬರೆಯುತ್ತೇನೆಂದು ಕಳೆದ ವಾರ ಅವರಿಗೆ ಹೇಳಿದೆ.

"ನೂರು ವರ್ಷ ಬೇಡ ಕಣೋ. ಈ ಕೈ ಇಟ್ಕೊಂಡು ಅಷ್ಟು ವರ್ಷ ಏನ್ಮಾಡ್ಲಿ? ಒಂದೇ ಒಂದು ದಿನ ಕೈ ನಡುಗದೆ ನಿಲ್ಲಲಿ ಅಂತ ಬರಿ, ಸಾಕು."

ಅವರ ಕಾಯಿಲೆಯ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲೂ ಅಂಥ ದಿನವಿಲ್ಲ. ಆದರೂ ಬರೆಯುತ್ತಿದ್ದೇನೆ: ಚಿತ್ರದಕ್ಕನ ಕೈ ಒಂದು ದಿನ ನಿಲ್ಲಲಿ.