ಹಿನ್ನೀರಿನಲ್ಲಿ ನಾನು ಮೊದಲು ಹಿಡಿದದ್ದು

ಇದು ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರದಲ್ಲಿ ನಡೆದದ್ದು. ಆಗ ಹಿನ್ನೀರು ದಂಡೆಯ ಜಾಲಿಗಿಡಗಳನ್ನು ಅರ್ಧ ಮುಳುಗಿಸಿ ನಿಂತಿತ್ತು.

ನಾನು ಬಾಗಲಕೋಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ಹುಟ್ಟಿದ್ದು ಮಲಪ್ರಭೆಯ ದಂಡೆಗೆ, ಕಮತಗಿಯಲ್ಲಿ. ಹೆಂಡತಿ ಮಹಾದೇವಿ ಚೊಳಚಗುಡ್ಡದವಳು. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದರಲ್ಲಿ ಅವಳ ಕೈ ನನ್ನದಕ್ಕಿಂತ ಚೊಕ್ಕ. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರ ಮೋಟಾರುಗಳು ಇರುವುದು ಹಿನ್ನೀರಿನ ಅಂಚಿನಲ್ಲೇ. ಕಣ್ಣೆದುರಿಗೇ ಕಾಣುವ ಹೊಲಕ್ಕೂ ಊರೆಲ್ಲ ಸುತ್ತಿ ಹೋಗಬೇಕು. ಕೊನೆಗೆ ಬೈಕ್ ನಿಲ್ಲಿಸಿ, ಮೊಣಕಾಲುದ್ದ ಕೆಸರಿನಲ್ಲಿ ಮೋಟಾರು ಹೊತ್ತು ನಡೆಯಬೇಕು. ಒಂದು ಸಣ್ಣ ಮೋಟಾರ್ ಬೋಟ್ ಇದ್ದರೆ ಸಾಮಾನೆಲ್ಲ ಅದರಲ್ಲಿಟ್ಟುಕೊಂಡು ನೀರಿನ ಮೇಲೇ ಹೋಗಿಬರಬಹುದಲ್ಲ ಎಂಬ ಹುಚ್ಚು ನನ್ನ ತಲೆ ಹೊಕ್ಕಿತ್ತು.

ಅಷ್ಟರಲ್ಲಿ ಮೀನಿನ ವ್ಯಾಪಾರ ಮಾಡುವ ಈರಪ್ಪ ತನ್ನ ಬೋಟು ಮಾರುತ್ತಾನೆಂದು ಗೊತ್ತಾಯಿತು. ಸಮುದ್ರದ ಕಡೆಯಿಂದ ತಂದಿದ್ದ ಫೈಬರ್ ಬೋಟು, ಇಪ್ಪತ್ತು ವರ್ಷಕ್ಕೂ ಹಳೆಯದು. ಎಂಜಿನ್ನು ಹಿಂದಿನ ಹಲಗೆಗೆ ಬಿಗಿದಿತ್ತು. ಒಂದು ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ನೋಡಲು ಹೋದೆವು.

ದಂಡೆಗೆ ಕಟ್ಟಿದ್ದ ಬೋಟು ನೀಲಿ ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ನಾನು ನೇರವಾಗಿ ಎಂಜಿನ್ನಿನ ಮುಚ್ಚಳ ತೆಗೆದೆ. ಪ್ಲಗ್ ಬಿಚ್ಚಿ ನೋಡಿದೆ, ಹಗ್ಗ ಜಗ್ಗಿ ಚಾಲೂ ಮಾಡಿದೆ, ಕಣ್ಣು ಮುಚ್ಚಿ ಸಪ್ಪಳ ಕೇಳಿದೆ. ಹಳೆಯ ಎಂಜಿನ್ನು ಅಷ್ಟು ಹದವಾಗಿ ಓಡುವುದನ್ನು ನಾನು ಕೇಳಿರಲಿಲ್ಲ. ಮನಸ್ಸಿನಲ್ಲಿ ಆಗಲೇ ಬೋಟು ನನ್ನದಾಗಿತ್ತು.

ಮಹಾದೇವಿ ಮಾತ್ರ ಸಂತೆಯಲ್ಲಿ ಗಡಿಗೆ ಬಡಿದು ನೋಡುವವರ ಹಾಗೆ ಬೋಟಿನ ಮೈಯನ್ನೆಲ್ಲ ಬೆರಳ ಗೆಣ್ಣಿನಿಂದ ಬಡಿಯುತ್ತಾ ಬಂದಳು. ಎಂಜಿನ್ನು ಬಿಗಿದ ಹಲಗೆಯ ಹತ್ತಿರ ನಿಂತು, "ರೀ, ಇಲ್ಲಿ ಸಪ್ಪಳ ಬ್ಯಾರೆ ಬರತೈತಿ ನೋಡ್ರಿ. ಮುಂದ ಟಣ್ ಅಂತೈತಿ, ಇಲ್ಲಿ ದಬ್ ಅಂತೈತಿ" ಎಂದಳು.

"ನಿನಗೇನ್ ತಿಳೀತೈತಿ? ಎಂಜಿನ್ ಕೇಳು, ಸಿತಾರ್ ಬಾರಿಸಿದಂಗೈತಿ" ಎಂದು ನಾನು ನಕ್ಕೆ. ಈರಪ್ಪನೂ ನಕ್ಕ.

"ನೀರಾಗ ತೇಲೋ ಜಾಕೀಟ್ ಎಲ್ಲಿ ಅದಾವ್ರಿ?" ಅವಳು ಈರಪ್ಪನನ್ನು ಕೇಳಿದಳು.

"ಇದು ಸಮುದ್ರ ಅಲ್ಲಲ್ರಿ ಅಕ್ಕಾರ. ಎರಡ್ ವರ್ಷದಾಗ ಒಂದಿನಾನೂ ಬೇಕಾಗಿಲ್ಲ."

ಮಹಾದೇವಿಗೆ ಈಜು ಬಾರದು. ಅವಳು ಸುಮ್ಮನೆ ಅತ್ತ ಹೋಗಿ, ಬಿದಿರಿನ ದುಂಡು ತೆಪ್ಪದಲ್ಲಿ ಕುಳಿತು ಬಲೆ ಬಿಡಿಸುತ್ತಿದ್ದ ದುರಗವ್ವ ಎಂಬ ಮುದುಕಿಯಿಂದ ಎರಡು ಖಾಲಿ ಎಣ್ಣೆ ಕ್ಯಾನು ಇಸಿದುಕೊಂಡು ಬಂದಳು. ಹಗ್ಗದಿಂದ ಅವನ್ನು ಬಗಲಿಗೆ ಕಟ್ಟಿಕೊಂಡು ಬೋಟು ಹತ್ತಿದಳು. ಜನ ನೋಡಿದರೆ ಏನೆಂದಾರು ಎಂದು ನನಗೆ ನಾಚಿಕೆಯಾಯಿತು.

ಈರಪ್ಪ ಹಿಂದೆ ಎಂಜಿನ್ನಿನ ಹಿಡಿಕೆ ಹಿಡಿದು ಕುಳಿತ. ನಾನು ಅವನ ಪಕ್ಕ. ಮಹಾದೇವಿ ನಡುವೆ. ದಂಡೆ ಬಿಟ್ಟು ಸಾಕಷ್ಟು ದೂರ ಹೋದ ಮೇಲೆ, "ಪೂರ್ತಿ ಏರಸ್ರಿ, ದಮ್ ಎಷ್ಟೈತಿ ನೋಡೋಣು" ಎಂದೆ. ಅವನು ಏರಿಸಿದ. ಬೋಟಿನ ಮೂತಿ ಮೇಲೆದ್ದಿತು. ಗಾಳಿ ಮುಖಕ್ಕೆ ಹೊಡೆಯಿತು. ನನಗೆ ಹಿಡಿಸಲಾರದ ಖುಷಿ.

ಆಗಲೇ ಕಬ್ಬು ಮುರಿದಂತೆ ಲಟಕ್ಕನೆ ಸಪ್ಪಳವಾಯಿತು. ತಿರುಗಿ ನೋಡಿದರೆ ಹಿಂದಿನ ಹಲಗೆಯೇ ಇರಲಿಲ್ಲ. ಹಲಗೆ ಸಮೇತ ಎಂಜಿನ್ನು ಕಿತ್ತು ಹೋಗಿ, ಪೆಟ್ರೋಲ್ ಪೈಪಿಗೆ ಜೋತು ಬಿದ್ದಿತ್ತು. ಹಿಡಿಕೆ ಹಿಡಿದಿದ್ದ ಈರಪ್ಪ ಅದರ ಜೊತೆಗೇ ನೀರಿಗೆ ಬಿದ್ದ. ಬಾಗಿಲು ತೆರೆದ ಹಾಗೆ ನೀರು ಒಳನುಗ್ಗಿತು.

ಮುಂದಿನದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ. ನಾನು ಹೆಂಡತಿಯ ಕಡೆ ನೋಡಲಿಲ್ಲ. ಮುಳುಗುತ್ತಿದ್ದ ಎಂಜಿನ್ನನ್ನು ಎರಡೂ ಕೈಯಿಂದ ತಬ್ಬಿ ಹಿಡಿದೆ.

ಅದು ನನ್ನ ಎಂಜಿನ್ನೂ ಆಗಿರಲಿಲ್ಲ. ಅದರ ಭಾರ ನನ್ನನ್ನು ಕೆಳಗೆ ಎಳೆಯಿತು. ಕಿವಿಯಲ್ಲಿ ಗುಂಯ್ ಎಂದಿತು, ಕಣ್ಣೆದುರು ಹಸಿರು ಕತ್ತಲೆ. ಉಸಿರು ಕಟ್ಟಿ ಬಂದಾಗ ಕೈ ತಾನಾಗಿ ಬಿಟ್ಟಿತು. ಮೇಲೆ ಬಂದು ಉಸಿರೆಳೆದುಕೊಂಡಾಗ, ಹತ್ತು ಮೊಳ ದೂರದಲ್ಲಿ ಮಹಾದೇವಿ ಎರಡು ಕ್ಯಾನುಗಳ ನಡುವೆ ತೇಲುತ್ತಿದ್ದಳು. ಗದ್ದದವರೆಗೆ ನೀರು. ಅವಳು ಚೀರುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಎಲ್ಲವನ್ನೂ ನೋಡಿದ್ದಳೆಂದು ನನಗೆ ಗೊತ್ತಾಯಿತು.

ಈಜಿ ಹೋಗಿ ಅವಳ ತೋಳು ಹಿಡಿದೆ. ಸೀರೆ ಕಾಲಿಗೆ ಸುತ್ತಿಕೊಂಡಿತ್ತು. "ಹಗ್ಗ ಸಡ್ಲ ಆಗಾಕತ್ತೈತ್ರಿ" ಎಂದಷ್ಟೇ ಅಂದಳು. ಒಂದು ಕೈಯಲ್ಲಿ ಅವಳನ್ನೂ ಇನ್ನೊಂದರಲ್ಲಿ ಕ್ಯಾನನ್ನೂ ಹಿಡಿದು ಕಾಲು ಬಡಿಯುತ್ತಾ ಇದ್ದೆ. ದುರಗವ್ವ ತೆಪ್ಪ ತಿರುಗಿಸುತ್ತಾ ಬರುವುದು ಕಾಣಿಸಿತು.

"ಎಲ್ಲಾರೂ ಒಮ್ಮೆಲೆ ಹತ್ತಬ್ಯಾಡ್ರೋ, ನನ್ನೂ ಮುಳುಗಸ್ತೀರಿ! ಮದ್ಲ ಹೆಣ್ಮಗಳು!" ಎಂದು ಅವಳು ಗದರಿದಳು. ಮಹಾದೇವಿಯನ್ನು ಒಳಗೆ ಎಳೆದುಕೊಂಡಳು. ನಾನು ತೆಪ್ಪದ ಅಂಚು ಹಿಡಿದು ಬಂದೆ. ಮುಳುಗದೆ ಉಳಿದಿದ್ದ ಬೋಟಿನ ಮೂತಿಗೆ ಜೋತುಬಿದ್ದಿದ್ದ ಈರಪ್ಪನನ್ನು ದುರಗವ್ವ ಎರಡನೇ ಸಲ ಹೋಗಿ ಕರೆತಂದಳು.

ದಂಡೆಯ ಮೇಲೆ ಕುಳಿತು ಈರಪ್ಪ ಗಡಗಡ ನಡುಗುತ್ತಿದ್ದ. ನನಗೆ ಅವನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂದಿತ್ತು. "ಕೊಳತದ್ದು ಗೊತ್ತಿದ್ದೂ ಮಾರಾಕ ನಿಂತಿದ್ಯೇನಲೇ?" ಎಂದೆ.

ಅವನು ತಲೆ ಎತ್ತಲಿಲ್ಲ. "ಬಣ್ಣಾ ಹಚ್ಚಿದ್ದನ್ನ ತಂದೇನ್ರಿ ಅಣ್ಣಾರ, ಒಳಗಿಂದು ನನಗೂ ಗೊತ್ತಿಲ್ಲ. ನಿನ್ನಿ ಸಂಜಿಮುಂದ ನನ್ನ ಮೊಮ್ಮಗಳ್ನ ಇದರಾಗ ಕುಂಡ್ರಿಸಿಕೊಂಡು ತಿರುಗಾಡಿಸೀನಿ" ಎಂದವನೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

ಮರುದಿನ ಹಗ್ಗ ಹಾಕಿ ಬೋಟನ್ನು ದಂಡೆಗೆ ಎಳೆದರು. ಹಲಗೆ ಮುರಿದ ಜಾಗಕ್ಕೆ ಕೈ ಹಾಕಿದೆ. ಫೈಬರಿನ ತೆಳು ಸಿಪ್ಪೆಯ ಒಳಗೆ ಇದ್ದ ಕಟ್ಟಿಗೆ ನೆನೆದ ಹಿಂಡಿಯ ಹಾಗೆ ಬೆರಳಿಗೇ ಪುಡಿಪುಡಿಯಾಗಿ ಬಂತು. ಎಷ್ಟು ವರ್ಷದಿಂದ ಕೊಳೆಯುತ್ತಿತ್ತೋ.

ಈಗಲೂ ನಾವು ಸುತ್ತು ಹಾಕಿ ಕೆಸರಿನಲ್ಲೇ ಹೋಗುತ್ತೇವೆ. ಮಹಾದೇವಿ ಈ ಕಥೆಯನ್ನು ತವರಿನವರಿಗೆಲ್ಲ ಕೈ ತಿರುಗಿಸಿ ಹೇಳಿ ನಗಿಸುತ್ತಾಳೆ. ದುರಗವ್ವ ಗದರಿದ್ದನ್ನು ಅವಳ ಧಾಟಿಯಲ್ಲೇ ಹೇಳುತ್ತಾಳೆ. ನಾನು ಎಂಜಿನ್ನು ತಬ್ಬಿದ್ದನ್ನು ಮಾತ್ರ ಅವಳು ಒಂದು ಸಲವೂ ಬಾಯಿ ಬಿಟ್ಟಿಲ್ಲ. ಅವಳು ಆ ಜಾಗವನ್ನು ದಾಟಿ ಮುಂದೆ ಹೋಗುವಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತೇನೆ.

ಇದನ್ನು ಪತ್ರಿಕೆಗೆ ಕಳಿಸುವ ಮೊದಲು ಅವಳಿಗೆ ಓದಿ ಹೇಳಿದೆ. ಕೈಯಲ್ಲಿದ್ದ ತಂತಿ ಸುತ್ತುತ್ತಲೇ ಕೊನೆಯವರೆಗೂ ಕೇಳಿದಳು. ಆಮೇಲೆ, "ಕಳಸ್ರಿ. ಎಂಜಿನ್ ತಬ್ಬಿದ್ದೊಂದು ಬಿಟ್ಟು ಬರೆದಿದ್ರ ಹರದು ಒಗೀತಿದ್ದೆ" ಎಂದಳು.