ಹನ್ನೊಂದಕ್ಕೊಂದು ಜೋಡಿ

ನಮ್ಮ ಗಣಿತದ ಮಾಸ್ತರರ ಬಲ ಹೆಬ್ಬೆರಳಿನ ಉಗುರು ಸದಾ ಬೆಳ್ಳಗಿರುತ್ತಿತ್ತು. ಸೀಮೆಸುಣ್ಣದ ಪುಡಿ ಅಲ್ಲೇ ಮನೆ ಮಾಡಿತ್ತು. ಎಷ್ಟು ತೊಳೆದರೂ ಹೋಗದು. ಎಪ್ಪತ್ತರ ದಶಕದಲ್ಲಿ ನಾನು ಹುಮನಾಬಾದಿನ ಶಾಲೆಗೆ ಕನ್ನಡ ಶಿಕ್ಷಕಿಯಾಗಿ ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದವರು. ಪಾಠ ಕನ್ನಡದಲ್ಲಾದರೂ ಮಗ್ಗಿ ಗುನುಗುವುದು ಉರ್ದುವಿನಲ್ಲೇ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ದಿನಾ ಬಸವಕಲ್ಯಾಣದಿಂದ ಬಸ್ಸಿಗೆ ಬರುವರು. ರಜೆ ಇದ್ದರೂ ಬರುವರು.

ಮಧ್ಯಾಹ್ನ ಊಟವಾದ ಮೇಲೆ ಮಾಸ್ತರರ ಕೋಣೆಯ ನೆಲದ ಫರಸಿಕಲ್ಲಿನ ಮೇಲೆ ದಿನಕ್ಕೊಂದು ಭಾಗಾಕಾರ ಮಾಡುವುದು ಅವರ ರೂಢಿ. ಏನೆಂದು ಕೇಳಿದೆ.

"ಬಾಯೋರ, ಹನ್ನೊಂದು ನೋಡ್ರಿ. ಎರಡು ಒಂದು ಬಾಜೂಕ ಬಾಜೂಕ ನಿಂತಾವ, ಯಾರಿಗೂ ಒಡಿಯಂಗಿಲ್ಲ. ಮೂರು ಒಂದು ಬರೀರಿ, ನೂರಾ ಹನ್ನೊಂದು, ಅದನ್ನ ಮೂವತ್ತೇಳು ಒಡೀತದ. ನಾಕಕ್ಕ ಹನ್ನೊಂದು, ಐದಕ್ಕ ನಲವತ್ತೊಂದು. ಆರಂತೂ ಯಾರ್ ಬಂದ್ರೂ ಒಡೀತದ. ಏಳು ಒಂದು ಒಡೀದಿದ್ರ, ಹನ್ನೊಂದಕ್ಕೊಂದು ಜೋಡಿ ಸಿಕ್ಕಂಗಾತು."

ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರಾ ಹನ್ನೊಂದು. ಸಾವಿರದ ಐವತ್ನಾಲ್ಕರ ತನಕದ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕಂತೆ. ಅದಕ್ಕೂ ದೊಡ್ಡದು ಒಡೆಯುವುದಾದರೆ ಅದರ ಸಣ್ಣ ಜೊತೆಗಾರ ಮೊದಲೇ ಸಿಕ್ಕಿರಬೇಕು.

"ಏನ್ರಿ ಸರ್, ಏಳೂ ಮಂದಿ ಇನ್ನಾ ಲೈನಿನ್ಯಾಗೇ ಇದ್ದಾರೇನು? ವಿಶ್ರಾಮ ಅನ್ರಿ ಪಾಪ!" ಎಂದು ಡ್ರಿಲ್ ಮಾಸ್ತರರು ಕೆಣಕುವರು.

"ನಿಮ್ಮ ಹುಡುಗರಕಿಂತ ಸೀದಾ ನಿಂತಾರ, ಬಿಡ್ರಿ."

ಒಂದು ದಿನ ಇನ್ನೂರಾ ಮೂವತ್ತೊಂಬತ್ತರ ಸರದಿ. ಶೇಷ ಒಂದು ಉಳಿಯಿತೆಂದು ವಹಿಯಲ್ಲಿ ಬರೆದುಕೊಂಡು, ಗಂಟೆ ಹೊಡೆದ ಕೂಡಲೇ ತರಗತಿಗೆ ಓಡಿದರು. ನಾನು ನೆಲ ನೋಡುತ್ತ ಕೂತೆ. ಕೊನೆಯ ಹೆಜ್ಜೆಯಲ್ಲಿ ಸುಲಭಕ್ಕೆಂದು ಇನ್ನೂರಾ ನಲವತ್ತನ್ನು ಒಂಬತ್ತರಿಂದ ಗುಣಿಸಿ, ಒಂಬತ್ತು ಕಳೆಯಬೇಕಾದಲ್ಲಿ ಅವಸರಕ್ಕೆ ಹತ್ತು ಕಳೆದಿದ್ದರು. ಸರಿಯಾಗಿ ಮಾಡಿದರೆ ಉಳಿಯುವುದು ಸೊನ್ನೆ. ಏಳು ಒಂದು ಅಲ್ಲೇ ಒಡೆದಿತ್ತು.

ಒದ್ದೆ ಬಟ್ಟೆ ತಂದು ನೆಲ ಒರೆಸಿಬಿಟ್ಟೆ. ಹೇಳಲು ಬಾಯಿ ಬರಲಿಲ್ಲ.

ನಾಲ್ಕು ತಿಂಗಳ ಮೇಲೆ ಅವರು ಕೊನೆ ಮುಟ್ಟಿದರು. ಎಲ್ಲರಿಗೂ ಪೇಡಾ ಹಂಚಿ, ಶನಿವಾರ ಇಡೀ ಶಾಲೆಯ ಮುಂದೆ ಬೋರ್ಡಿನ ಮೇಲೆ ತೋರಿಸುತ್ತೇನೆಂದು ಹೆಡ್‌ಮಾಸ್ತರರಿಗೆ ಹೇಳಿ ಬಂದರು. ಆ ಸಂಜೆ ಬಸ್‌ಸ್ಟ್ಯಾಂಡಿನವರೆಗೂ ಅವರ ಹಿಂದೆ ಹೋಗಿ ಹೇಳಿದೆ. ನಿಂತ ಬಸ್ಸಿನ ಧೂಳಿನ ಮೇಲೆ ಬೆರಳಿನಿಂದಲೇ ಲೆಕ್ಕ ಮಾಡಿದರು. ಸೊನ್ನೆ ಬಂತು.

"ಯಾವಾಗ ಗೊತ್ತಾತ್ರಿ?"

"ಅವತ್ತೇ ರಿ."

ಕಂಡಕ್ಟರ್ ಸೀಟಿ ಊದಿದ. ಅವರು ಹತ್ತಲಿಲ್ಲ. ಬಸ್ಸು ಹೋಯಿತು.

"ತಪ್ಪಾಗಿದ್ದಕ್ಕ ಏನಿಲ್ಲ ಬಾಯೋರ. ನಾಕ ತಿಂಗಳ ನನ್ನ ಒಬ್ಬನ್ನೇ ನಡಸಿದ್ರಲ್ಲ."

ಮರುದಿನ ತಾವೇ ಹೋಗಿ ಕಾರ್ಯಕ್ರಮ ಬೇಡವೆಂದರು. ಸೋಮವಾರ ಫರಸಿಯ ಮೇಲೆ ಹನ್ನೊಂದು ಒಂದುಗಳನ್ನು ಬರೆದರು. ಎಂಟು, ಒಂಬತ್ತು, ಹತ್ತು ಒಡೆಯುವುದು ಕಂಡೇ ಇರುವುದರಿಂದ ಏಳರ ನಂತರ ಆಸೆ ಉಳಿದ ಮೊದಲ ಸಾಲು ಅದೇ ಅಂತೆ. ನಾನು ಅವರನ್ನು ಕೇಳದೇ, ಲೆಕ್ಕ ಸರಿನೋಡಲು ಎದುರಿಗೆ ಕೂತೆ.

ಮುಂದಿನ ವರ್ಷ ನನಗೆ ಚಿಟಗುಪ್ಪಕ್ಕೆ ವರ್ಗವಾಯಿತು. ಆಮೇಲೆ ಅವರ ಕಾರ್ಡುಗಳು ಬರತೊಡಗಿದವು. ಕ್ಷೇಮ ಸಮಾಚಾರವಿಲ್ಲ, ಇರುವೆ ಸಾಲಿನಂಥ ಅಂಕಿ, ಅವುಗಳ ಶೇಷ ಅಷ್ಟೇ. ಒಂದೊಂದನ್ನೂ ನಾನು ಮಾಡಿ ನೋಡಿ, "ಸರಿ" ಎಂದು ಬರೆದು ಹಾಕುತ್ತಿದ್ದೆ. ಎರಡು ಸಲ "ತಪ್ಪು" ಎಂದೂ ಬರೆದೆ. ಅದಕ್ಕೆ ಬಂದ ಉತ್ತರಗಳಲ್ಲಿ ಮಾತ್ರ ಕೊನೆಗೆ "ಶುಕ್ರಿಯಾ" ಇತ್ತು.

ಎಂಬತ್ತರ ದಶಕದಲ್ಲೊಂದು ಕಾರ್ಡು ಅವರು ತೀರಿಕೊಂಡ ಸುದ್ದಿಯ ಮರುದಿನ ಬಂತು. ಇಡೀ ಮಧ್ಯಾಹ್ನ ಕೂತು ಲೆಕ್ಕ ಮಾಡಿದೆ. ಎಲ್ಲವೂ ಸರಿ ಇತ್ತು. ಬರೆಯಲು ವಿಳಾಸವಿರಲಿಲ್ಲ.