ಮಾದಮ್ಮ ಕೂಸುಗಳನ್ನು ಅಳಲು ಬಿಟ್ಟ ದಿನ

ಚಾಮರಾಜನಗರದಲ್ಲಿ ವೃಷಭೇಂದ್ರಪ್ಪನವರ ರೇಷ್ಮೆ ಕಾರ್ಖಾನೆ ನಡೆಯುತ್ತಿದ್ದ ಕಾಲ. ಒಳಗೆ ಹೆಂಗಸರು ಸುಡುನೀರಿಗೆ ಕೈಯಿಟ್ಟು ಗೂಡಿನಿಂದ ಎಳೆ ತೆಗೆಯುತ್ತಿದ್ದರೆ, ಹೊರಗೆ ಗೇಟಿನ ಪಕ್ಕದ ಹುಣಸೆಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿ ಅವರ ಕೂಸುಗಳನ್ನು ಮಲಗಿಸುತ್ತಿದ್ದರು. ಆ ಮರದಡಿಗೆ ಮಾದಮ್ಮನೇ ರಾಣಿ, ಮಾದಮ್ಮನೇ ದಿವಾನರು.

ಒಂದು ಕಾಲದಲ್ಲಿ ಅವಳೂ ಒಳಗೆ ನೂಲು ತೆಗೆದವಳೇ. ನೀರಿನಲ್ಲಿ ನೆಂದು ನೆಂದು ಬೆರಳ ಸಂದಿ ಹುಣ್ಣಾಗಿ ಗೂಡು ಮುಟ್ಟಲಾಗದೆ ಹೋದಾಗ ಸಾಹುಕಾರರು ಕೂಸು ನೋಡಿಕೊಳ್ಳಲು ಹಾಕಿದ್ದರು. ದೊಡ್ಡವರ ಪಾಲಿಗೆ ಅವಳು ಸಿಡುಕಿ. ಹಾಲೂಡಿಸಲು ತಡವಾಗಿ ಬಂದ ತಾಯಂದಿರಿಗೆ ಅವಳು ಮಾಡುತ್ತಿದ್ದ ಮಂಗಳಾರತಿಯನ್ನು ಬರೆಯುವ ಹಾಗಿಲ್ಲ. ಕೂಸುಗಳ ಮುಂದೆ ಮಾತ್ರ ಬೆಣ್ಣೆ. ಒಂದು ಕೂಸು ತುಟಿ ಸೊಟ್ಟ ಮಾಡುವುದರೊಳಗೆ ಅವಳ ಕೈ ಜೋಲಿಯ ಮೇಲಿರುತ್ತಿತ್ತು. ತನ್ನ ಮರದಡಿ ಅಳುವೇ ಕೇಳಿಸುವುದಿಲ್ಲವೆಂದು ಅವಳಿಗೆ ಭಾರಿ ಜಂಬ.

ಆ ವರ್ಷದ ಮುಂಗಾರಿನ ಗಾಳಿಗೆ ಕೊಂಬೆಯೊಂದು ಮುರಿದು, ನೂಲು ತೆಗೆಯುವ ಮಂಗಮ್ಮನ ಗಂಡುಕೂಸಿನ ಜೋಲಿಯ ಪಕ್ಕಕ್ಕೇ ಬಿತ್ತು. ಕೂಸಿಗೆ ಏನೂ ಆಗಲಿಲ್ಲ, ನಿದ್ದೆಯೂ ಕೆಡಲಿಲ್ಲ. ಮಾದಮ್ಮ ಮಾತ್ರ ಮಾರನೆಯ ದಿನ ನೇರವಾಗಿ ಸಾಹುಕಾರರ ಮುಂದೆ ಹೋಗಿ ನಿಂತಳು.

“ನಂಗೇನೂ ಬ್ಯಾಡ ಬುದ್ಧಿ. ಆ ಮಕ್ಕಳ ತಲೆ ಮ್ಯಾಲೆ ಒಂದು ಸೂರು ಮಾಡ್ಸಿಕೊಡಿ.”

ವೃಷಭೇಂದ್ರಪ್ಪನವರು ಕೆಟ್ಟವರಲ್ಲ. ಖರ್ಚು ಎಂದರೆ ಅವರಿಗೆ ಚಳಿಜ್ವರ ಬರುತ್ತಿತ್ತು, ಅಷ್ಟೆ. “ಬರೀ ಸೂರು ಸಾಲ್ದು ಕಣಮ್ಮ. ಐವತ್ತಕ್ಕಿಂತ ಜಾಸ್ತಿ ಹೆಂಗಸ್ರಿದ್ರೆ ಗಾಳಿ ಬೆಳಕಿರೋ ಕೋಣೇನೇ ಕಟ್ಬೇಕು ಅಂತ ಕಾನೂನು ಅದೆ. ಆ ಕೋಣೆಗೆ ತರಬೇತಿ ಆಗಿರೋಳೇ ಬೇಕು ಅಂತ್ಲೂ ಅದ್ರಲ್ಲೇ ಅದೆ. ಕೋಣೆ ಬಂದ್ರೆ ನೀನು ಆಚೆಗೆ. ಬೇಕಾ ನಿಂಗೆ?” ಎಂದರು.

ಮಾದಮ್ಮ ಮರದಡಿಗೆ ವಾಪಸ್ಸು ಬಂದಳು. ಹೆತ್ತ ಮಗಳು ಭೀಮನಬೀಡಿನ ಸೊಸೆಯಾಗಿ ಹೋಗಿದ್ದಳು. ಬೆಳಗಾಗೆದ್ದು ಈ ಕೂಸುಗಳ ಮುಖ ನೋಡುವುದೊಂದೇ ಅವಳಿಗಿದ್ದ ಸುಖ. ಆ ಕಾನೂನು ಬರೆದವನಿಗೆ ಮನಸಾರೆ ಶಾಪ ಹಾಕಿದಳು. ಮುರಿದ ಕೊಂಬೆಯ ಕಡೆ ಕಣ್ಣು ಹೋದಾಗ ಅರ್ಧ ಶಾಪವನ್ನು ವಾಪಸ್ಸು ತೆಗೆದುಕೊಂಡಳು.

ಕೆಲವು ದಿನಗಳಲ್ಲೇ ಮೈಸೂರಿನಿಂದ ಕಾರ್ಖಾನೆ ಇನ್ಸ್‌ಪೆಕ್ಟರು ಬರುತ್ತಾರೆಂದು ಸುದ್ದಿ ಬಂತು. ಸಾಹುಕಾರರು ಎಣಿಕೆ ಐವತ್ತು ದಾಟದಿರಲೆಂದು ಅರ್ಧ ಹೆಂಗಸರನ್ನು ಗೂಡು ತುಂಬುವ ಉಗ್ರಾಣದಲ್ಲಿ ಕೂರಿಸಿ, ಸದ್ದು ಮಾಡಬೇಡಿ ಎಂದು ಬಾಗಿಲು ಎಳೆದರು. ಮಾದಮ್ಮನ ಹತ್ತಿರ ಬಂದು ದನಿ ತಗ್ಗಿಸಿದರು. “ಯಾರಾದ್ರೂ ಕೇಳಿದ್ರೆ ಕೇರಿ ಮಕ್ಕಳು ಅನ್ನು. ಒಂದು ಕೂಸೂ ಕಿರುಚಬಾರ್ದು. ಕಿರುಚಿದ್ರೆ ತಾಯ್ದೀರು ಒಳಗೆ ನಿಲ್ಲಾಕಿಲ್ಲ, ನಿನ್ನ ಕೆಲ್ಸಾನೂ ನಿಲ್ಲಾಕಿಲ್ಲ.”

ಇನ್ಸ್‌ಪೆಕ್ಟರು ಒಳಗೆಲ್ಲ ನೋಡಿ ಗೇಟಿನ ಬಳಿ ಬರುವುದಕ್ಕೂ ಮಂಗಮ್ಮನ ಮಗ ಎಚ್ಚರವಾಗುವುದಕ್ಕೂ ಸರಿಹೋಯಿತು. ಹಾಲಿನ ಹೊತ್ತು. ಕೂಸು ಮೊದಲು ಕುಂಯ್ ಎಂದಿತು. ಮಾದಮ್ಮನ ಕೈ ತಾನಾಗಿ ಜೋಲಿಗೆ ಹೋಯಿತು. ಅರ್ಧದಲ್ಲಿ ಅದನ್ನು ಹಿಂದಕ್ಕೆ ಎಳೆದುಕೊಂಡು, ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಗಟ್ಟಿಯಾಗಿ ಕೂತಳು. ಕೂಸು ಚೀರಿತು. ಪಕ್ಕದ್ದು ಜೊತೆಗೂಡಿತು, ಅದರ ಪಕ್ಕದ್ದೂ. ಮರವೇ ಅಳುತ್ತಿರುವ ಹಾಗಾಯಿತು. ಮಾದಮ್ಮನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಕೈ ಮಾತ್ರ ಆಚೆ ಬರಲಿಲ್ಲ.

ಉಗ್ರಾಣದ ಬಾಗಿಲು ದಢಾರನೆ ತೆರೆಯಿತು. ಎದೆಹಾಲಿಗೆ ರವಿಕೆ ನೆಂದ ಮಂಗಮ್ಮ ಮೊದಲು ಓಡಿಬಂದಳು, ಹಿಂದೆಯೇ ಉಳಿದವರು.

“ಇವರೆಲ್ಲ ಯಾರು?” ಎಂದರು ಇನ್ಸ್‌ಪೆಕ್ಟರು.

“ಕೇರಿಯವರು, ಸಾರ್,” ಎಂದರು ಸಾಹುಕಾರರು.

“ಕೇರಿಯವರ ಕೈಗೆಲ್ಲ ರೇಷ್ಮೆ ಎಳೆ ಅಂಟಿದೆಯಲ್ಲ,” ಎಂದು ಇನ್ಸ್‌ಪೆಕ್ಟರು ಒಬ್ಬೊಬ್ಬರನ್ನೇ ಎಣಿಸತೊಡಗಿದರು.

ಅವರು ಹೋದ ಮೇಲೆ ವೃಷಭೇಂದ್ರಪ್ಪನವರು ಕೆಂಡವಾದರು. “ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೊಂಡೆಯಲ್ಲೇ! ಯಾಕೆ ತೂಗ್ಲಿಲ್ಲ?”

“ಕೈ ಜೋಮು ಹಿಡ್ಕಂಡಿತ್ತು ಬುದ್ಧಿ,” ಎಂದಳು ಮಾದಮ್ಮ.

ಕೋಣೆ ಎದ್ದಿತು. ಹೆಂಚಿನ ಸೂರು, ಎರಡು ಕಿಟಕಿ, ಸಾಲಾಗಿ ಮರದ ತೊಟ್ಟಿಲು. ತರಬೇತಿಯಾದ ಹುಡುಗಿಯೊಬ್ಬಳು ಮೈಸೂರಿನಿಂದ ಬಂದಳು. ಮಾದಮ್ಮ ಅರಿಸಿನದ ಮಂಡಿಯಲ್ಲಿ ಕೊಂಬು ಆರಿಸುವ ಕೂಲಿಗೆ ಹೋದಳು. ಅಲ್ಲಿಯೂ ಎಲ್ಲರ ಮೇಲೆ ಸಿಡುಕುತ್ತಿದ್ದಳಂತೆ.

ಮರುವರ್ಷ ಒಂದು ಮಧ್ಯಾಹ್ನ ಜೋರು ಮಳೆ. ಮಾದಮ್ಮ ಕೆಲಸ ಬಿಟ್ಟು ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಕಾರ್ಖಾನೆಗೆ ಬಂದಳು. ಕಿಟಕಿಯಲ್ಲಿ ಇಣುಕಿದರೆ ಕೂಸುಗಳೆಲ್ಲ ಬೆಚ್ಚಗೆ ಮಲಗಿದ್ದವು. ನಡೆಯಲು ಕಲಿತಿದ್ದ ಮಂಗಮ್ಮನ ಮಗ ಮಾತ್ರ ಎದ್ದಿದ್ದು, ಅವಳ ಮುಖ ನೋಡಿ ತುಟಿ ಸೊಟ್ಟ ಮಾಡಿದ. ತಡೆಯಲಾರದೆ ಬಾಗಿಲಿಗೆ ಬಂದು ಹೊಸಿಲ ಮೇಲೆ ಕಾಲಿಟ್ಟಳು.

ಮೈಸೂರಿನ ಹುಡುಗಿ ಅಡ್ಡ ನಿಂತು, “ಹೊರಗಿನವರು ಒಳಗೆ ಬರಬಾರದು ಅಜ್ಜಿ. ಅದು ಇಲ್ಲಿಯ ನಿಯಮ,” ಎಂದಳು.

ಮಾದಮ್ಮ ಕಾಲು ಹಿಂದಕ್ಕೆ ತೆಗೆದಳು. ಗೋಣಿಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅಂಗೇ ಇರ್ಬೇಕು ಕಣಮ್ಮಿ,” ಎಂದಳು. “ಸಿಕ್ಕಸಿಕ್ಕಿದೋರ್ನೆಲ್ಲ ಒಳೀಕೆ ಬುಡ್ಬ್ಯಾಡ.”